ನೋಡದೆ ಟೈಪ್ ಮಾಡುವವರಿಗೆ ಯಾವ ಲ್ಯಾಪ್‌ಟಾಪ್ ಕೀಬೋರ್ಡ್?

ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೀ ಸುಮಾರು 1 ಮಿ.ಮೀ. ಇಳಿಯುತ್ತದೆ, ಕೊಂಚ ದಪ್ಪನೆಯವುಗಳಲ್ಲಿ 1.5ರಿಂದ 1.8. ಅಷ್ಟರಲ್ಲೇನು ಮಹಾ ಅನಿಸಬಹುದು. ಆದರೆ ಕಣ್ಣು ಪರದೆಯ ಮೇಲಿರುವಾಗ ಅಕ್ಷರ ಬಿತ್ತೋ ಇಲ್ಲವೋ ಅಂತ ಹೇಳುವುದು ಬೆರಳೇ. ತೆಳುವಿನದು ಹಗುರ, ನಿಜ; ಆದರೆ ಜೋರಾಗಿ ಕುಟ್ಟುವ ನನ್ನಂಥವರ ಬೆರಳು ತಳಕ್ಕೆ ಬಡಿದು ಸಂಜೆಗೆ ನೋಯುತ್ತದೆ. ನನ್ನ ಓಟು ಆಳದ್ದಕ್ಕೇ.

ಅದಕ್ಕಿಂತ ಕಾಡುವುದು ಕೀಗಳ ಜೋಡಣೆ. ಎಡ-ಬಲ ಬಾಣದ ಕೀಗಳು ಪೂರ್ತಿ ಎತ್ತರಕ್ಕಿದ್ದರೆ ಬೆರಳಿಗೆ ಗುರುತೇ ಸಿಗದು. ಮೇಲಿನ ಬಾಣ ಒಂದೇ ಮೇಲೆ, ಉಳಿದ ಮೂರು ಕೆಳಸಾಲಿನಲ್ಲಿರುವ ತಲೆಕೆಳಗಾದ ‘ಟಿ’ ಆಕಾರವಾದರೆ ತಡವಿದರೆ ಸಾಕು. ಬಲಬದಿಯಲ್ಲಿ ಅಂಕಿಗಳದೇ ಪ್ರತ್ಯೇಕ ಗುಂಪು, ಅಂದರೆ ನಂಬರ್ ಪ್ಯಾಡ್, ಇದ್ದರೆ ತೋರುಬೆರಳಿಗೆ ಜಾಗ ತೋರಿಸುವ ಎಫ್, ಜೆ ಮೇಲಿನ ಉಬ್ಬುಗೆರೆಗಳು ಎಡಕ್ಕೆ ಸರಿದು, ಕೂರುವ ಭಂಗಿಯೂ ಓರೆಯಾಗುತ್ತದೆ. ದಿನವಿಡೀ ಅಂಕಿ ತುಂಬುವವರಿಗೆ ಬಿಟ್ಟರೆ ಅದು ಬೇಡ.

ಕೊಳ್ಳುವ ಮುನ್ನ ಕಣ್ಣುಮುಚ್ಚಿ ಒಂದು ಪ್ಯಾರಾ ಹೊಡೆಯಿರಿ. ತಪ್ಪು ಎಷ್ಟು ಬಿತ್ತು, ಎಣಿಸಿ.