ದಾಳವೋ ಪಾಯಿಂಟೋ: ಡಿ ಅಂಡ್ ಡಿ ಪಾತ್ರಕ್ಕೆ ಸ್ಕೋರ್ ತರುವ ದಾರಿಗಳು

ಬಸವನಗುಡಿಯ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುತ್ತಿದ್ದೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಆಟಗಾರರು ಐದು ಜನ, ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. 2014ರ ಐದನೇ ಆವೃತ್ತಿಯ ನಿಯಮ ನಮ್ಮದು. ಹೊಸ ಕಥೆ ಶುರುವಾದಾಗಲೆಲ್ಲ ಅದೇ ಚರ್ಚೆ: ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ (ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು), ಪಾತ್ರದ ಈ ಆರು ಗುಣಕ್ಕೂ ಸ್ಕೋರ್ ಎಲ್ಲಿಂದ ತರುವುದು? ಒಂದೊಂದಾಗಿ ಎಲ್ಲವನ್ನೂ ಆಡಿ ನೋಡಿದೆವು.

ಹಳೆಯದು 1974ರ ಮೊದಲ ಆಟದ್ದು. ಆರು ಮುಖದ ಮೂರು ದಾಳ ಹಾಕಿ ಕೂಡಿಸಬೇಕು, ಬಿದ್ದ ಕ್ರಮದಲ್ಲೇ ಆರು ಗುಣಕ್ಕೂ ಬರೆದುಕೊಳ್ಳಬೇಕು. ಸರಾಸರಿ 10.5. 18 ಬೀಳುವುದು 216ರಲ್ಲಿ ಒಂದು ಸಲ. ಒಂದೇ ಸಂಜೆಯ ಆಟಕ್ಕೆ ಇದು ತುಂಬಾ ಚೆನ್ನ. ಏನಾಗಬೇಕು ಅಂತ ನಾವು ಆರಿಸುವುದಿಲ್ಲ, ದಾಳವೇ ಹೇಳುತ್ತದೆ. ತಿಂಗಳುಗಟ್ಟಲೆ ಆಡುವ ಕಥೆಗೆ ಮಾತ್ರ ನಾನು ಇದನ್ನು ಇಡುವುದಿಲ್ಲ.

ಎರಡನೆಯದು ಎಲ್ಲರಿಗೂ ಇಷ್ಟ. ನಾಲ್ಕು ದಾಳ ಹಾಕಿ, ಕಡಿಮೆ ಬಿದ್ದದ್ದನ್ನು ಬಿಟ್ಟು, ಉಳಿದ ಮೂರನ್ನು ಕೂಡಿಸುವುದು. ಸರಾಸರಿ 12ರ ಮೇಲಕ್ಕೆ ಹೋಗುತ್ತದೆ. 18 ಬೀಳುವುದು ಸುಮಾರು 62ಕ್ಕೆ ಒಂದು ಸಲ. ಇದರ ಖುಷಿಯೇ ಬೇರೆ. ನಾವು ಸ್ಟೀಲ್ ತಟ್ಟೆಯಲ್ಲಿ ದಾಳ ಹಾಕುತ್ತೇವೆ. ಆ ಸದ್ದಿಗೆ ಒಳಗಿನಿಂದ ಅಜ್ಜಿ "ಗರ ಬಿತ್ತೇನೋ?" ಅಂತ ಕೇಳುತ್ತಾರೆ. ಚೌಕಾಬಾರ ಆಡಿ ಬೆಳೆದವರು, ಆ ಕಾತರ ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಒಂದು ಸಲ ಏನಾಯಿತು ನೋಡಿ. ಗೆಳೆಯನಿಗೆ ಬಿದ್ದದ್ದು 18, 16, 15, 14, 12, 10. ಪಕ್ಕದಲ್ಲೇ ಕೂತ ನನ್ನ ತಂಗಿಗೆ 13, 11, 10, 9, 8, 7. ಪಾತ್ರದ ಜನಾಂಗಕ್ಕೆ (ಎಲ್ಫ್, ಡ್ವಾರ್ಫ್ ಹೀಗೆ) ಸಿಗುವ ಬೋನಸ್ ಸೇರಿಸುವ ಮೊದಲಿನ ಲೆಕ್ಕ ಇದು. ದಾಳದಲ್ಲಿ ಬಿದ್ದದ್ದಕ್ಕೆ ಕೂಡಿಸುವ ಅಂಕಿಗೆ ಮಾಡಿಫೈಯರ್ ಅನ್ನುತ್ತಾರೆ; 18ಕ್ಕೆ ಸಿಗುವುದು +4, 13ಕ್ಕೆ +1. ಡಿಸಿ 15ರ (ಒಟ್ಟು 15 ಆದರೂ ಬರಬೇಕಾದ) ಬಾಗಿಲನ್ನು ನೂಕಲು ಅವನಿಗೆ ಇಪ್ಪತ್ತು ಮುಖದ ದಾಳದಲ್ಲಿ 11 ಸಾಕು, ಅವಳಿಗೆ 14 ಬೇಕು. ಅಂದರೆ 50% ಎದುರು 35%. ಅದೂ ಅವಳ ಅತಿ ಒಳ್ಳೆಯ ಸ್ಕೋರ್ ಅಲ್ಲಿಟ್ಟರೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಕೊನೆಕೊನೆಗೆ ಬಾಗಿಲು ಬಂದರೆ ಅವಳು ದಾಳ ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ, "ಅಣ್ಣಾ, ಅವನೇ ಹಾಕಲಿ ಬಿಡು" ಅನ್ನುತ್ತಿದ್ದಳು. ಅದು ನನಗೆ ತುಂಬಾ ಬೇಜಾರಾಯಿತು. ಸ್ಕೋರ್ ಕಡಿಮೆ ಇದ್ದದ್ದು ತೊಂದರೆಯಲ್ಲ, ಪಕ್ಕದವನಿಗಿಂತ ಅಷ್ಟು ಕಡಿಮೆ ಇದ್ದದ್ದು ತೊಂದರೆ.

ಹಾಗಾಗಿ ಮುಂದಿನ ಕಥೆಗೆ ಪಾಯಿಂಟ್ ಬೈ, ಅಂದರೆ ದಾಳ ಹಾಕದೆ ಪಾಯಿಂಟ್ ಕೊಟ್ಟು ಸ್ಕೋರ್ ಕೊಳ್ಳುವುದು. ಎಲ್ಲರಿಗೂ 27 ಪಾಯಿಂಟ್. ಎಲ್ಲ ಸ್ಕೋರ್ 8ರಿಂದ ಶುರು, 15ರ ಮೇಲೆ ಕೊಳ್ಳುವಂತಿಲ್ಲ. 13ರ ತನಕ ಒಂದೊಂದು ಮೆಟ್ಟಿಲಿಗೆ ಒಂದೊಂದು ಪಾಯಿಂಟ್, ಆಮೇಲೆ 14ಕ್ಕೂ 15ಕ್ಕೂ ಎರಡೆರಡು. ಅನುಕೂಲ ಜಾಸ್ತಿ. ವೈಟ್‌ಫೀಲ್ಡ್‌ನಿಂದ ಬರುವ ಗೆಳೆಯ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಯಾಬ್‌ನಲ್ಲಿ ಕೂತೇ ಪಾತ್ರ ಮುಗಿಸಿಕೊಂಡು ಬಂದ. ಅನ್ಯಾಯ ಅನ್ನುವ ಮಾತೇ ಇಲ್ಲ. ಆದರೆ ಪಾತ್ರದ ವಿವರ ಬರೆದ ಐದು ಹಾಳೆಯಲ್ಲಿ ನಾಲ್ಕರಲ್ಲಿ ಇಂಟೆಲಿಜೆನ್ಸ್ 8! ಎಲ್ಲರೂ ಅದೇ ಲೆಕ್ಕ ಹಾಕಿದ್ದರು, ಪಾತ್ರಗಳೂ ಅಣ್ಣತಮ್ಮಂದಿರ ಹಾಗೆ ಬಂದವು. 15, 14, 13, 12, 10, 8ರ ಸ್ಟ್ಯಾಂಡರ್ಡ್ ಅರೇ (ನಿಯಮದಲ್ಲೇ ಸಿದ್ಧವಾಗಿ ಕೊಟ್ಟಿರುವ ಆರು ಸ್ಕೋರ್) ಕೂಡ ಸರಿಯಾಗಿ 27 ಪಾಯಿಂಟೇ. ಹೊಸಬರಿಗೆ ಅದು ಸಾಕು.

ಈಗ ನಾವು ಮಾಡುತ್ತಿರುವುದು ಎರಡನ್ನೂ ಸೇರಿಸಿ. ಆರು ಜನ, ಆರು ಸ್ಕೋರ್. ನಾನೂ ಸೇರಿ ಒಬ್ಬೊಬ್ಬರು ಒಂದೊಂದು ಸಲ ನಾಲ್ಕು ದಾಳ ಹಾಕುತ್ತೇವೆ. ಬಿದ್ದ ಆರೂ ಎಲ್ಲರಿಗೂ, ಯಾವುದನ್ನು ಎಲ್ಲಿಡಬೇಕು ಅನ್ನುವುದು ಅವರವರ ಇಷ್ಟ. ನಮಗೆ ಬಿದ್ದದ್ದು 16, 14, 14, 12, 9, 7. ಕೂಡಿಸಿದರೆ 72. ಸ್ಟ್ಯಾಂಡರ್ಡ್ ಅರೇ ಕೂಡಿಸಿದರೂ ಅದೇ 72. ಆದರೂ ಆಟ ಬೇರೆಯಾಯಿತು, ಆ 7ರಿಂದ. ಪಾಯಿಂಟ್ ಬೈನಲ್ಲಿ 7 ಸಿಗುವುದೇ ಇಲ್ಲ. ತಂಗಿಯ ಮಾಂತ್ರಿಕಳು ಅದನ್ನು ಸ್ಟ್ರೆಂತ್‌ಗೆ ಇಟ್ಟಳು. ಒಂದು ಹಳ್ಳಿಯ ಬಾವಿಯಲ್ಲಿ ಅವಳಿಗೆ ಒಂದು ಕೊಡ ನೀರು ಸೇದಲಾಗಲಿಲ್ಲ. ಇಂಟೆಲಿಜೆನ್ಸ್‌ಗೆ 7 ಇಟ್ಟಿದ್ದ ಗೆಳೆಯನ ಯೋಧ ಬಂದು ಹಗ್ಗ ಹಿಡಿದ. ಅವನಿಗೆ ಬಾವಿಕಟ್ಟೆಯ ಮೇಲೆ ಕೆತ್ತಿದ್ದ ಎಚ್ಚರಿಕೆಯನ್ನು ಅವಳು ಓದಿ ಹೇಳಿದಳು. ಆ ಜೋಡಿ ಅಲ್ಲಿಂದಲೇ ಶುರುವಾದದ್ದು.

ಇದಕ್ಕೂ ತೊಡಕಿದೆ. ಆರೂ ಜನ ಒಟ್ಟಿಗೆ ಕೂರಬೇಕು. ಎಲ್ಲವೂ ಕಡಿಮೆ ಬಿದ್ದರೆ ಎಲ್ಲರಿಗೂ ಕಷ್ಟ. ಅದಕ್ಕೆ ಒಟ್ಟು 70ಕ್ಕಿಂತ ಕೆಳಗೆ ಬಂದರೆ ಇನ್ನೊಮ್ಮೆ ಹಾಕಬಹುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಎಲ್ಲರೂ ಒಂದೇ ಮಟ್ಟದಲ್ಲಿದ್ದರೆ ನಾನು ಎದುರಾಳಿಯನ್ನು ತುಸು ಹಗುರ ಮಾಡಿದರೂ ಸಾಕು. ತಂಗಿಗೂ ಗೆಳೆಯನಿಗೂ ನಡುವೆ ಇದ್ದ ಆ ಅಂತರಕ್ಕೆ ಮಾತ್ರ ನನ್ನ ಹತ್ತಿರ ಮದ್ದಿರಲಿಲ್ಲ.

ಆ ಆರು ಸ್ಕೋರ್ ಬರೆದ ಚೀಟಿ ಈಗಲೂ ನಮ್ಮ ಫ್ರಿಜ್ ಮೇಲಿದೆ. ಕಥೆಯ ನಡುವೆ ಒಬ್ಬರು ಹೊಸಬರು ಬಂದು ಸೇರಿದಾಗ ಅದನ್ನೇ ಕಿತ್ತು ಕೈಗೆ ಕೊಟ್ಟೆ. ಅವರು 7 ಇಟ್ಟದ್ದು ಕರಿಸ್ಮಾಗೆ.