ದಿನವಿಡೀ ನಿಲ್ಲುವವರಿಗೆ ಶೂ: ಮಂಡಿಪೇಟೆಯ ಒಂದು ಅಂಗಡಿ, ಒಂದು ಜೊತೆ

ಮದುವೆ ಹಂಗಾಮಿನಲ್ಲಿ ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ದುಡಿಯುವವರು ಬೆಳಿಗ್ಗೆ ಕೌಂಟರಿನ ಹಿಂದೆ ನಿಂತರೆ ರಾತ್ರಿ ಷಟರ್ ಎಳೆಯುವವರೆಗೂ ಕೂರುವುದು ಊಟದ ಹೊತ್ತಿನಲ್ಲಿ ಮಾತ್ರ. ಗಾದಿಯ ಮೇಲೆ ಕುಳಿತೇ ಸೀರೆ ಬಿಡಿಸಿ ತೋರಿಸುತ್ತಿದ್ದ ಕಾಲ ಹೋಗಿ ಟೈಲ್ಸ್ ನೆಲದ ಷೋರೂಮುಗಳು ಬಂದ ಮೇಲೆ ಗಿರಾಕಿಗಳಿಗೆ ಕುರ್ಚಿ ಸಿಕ್ಕಿತು, ಮಾರುವವರಿಗೆ ಸಿಗಲಿಲ್ಲ. ಅಂಗಡಿ ಕೆಲಸಗಾರರಿಗೆ ಕೂರುವ ವ್ಯವಸ್ಥೆ ಇರಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದುಪಡಿ ಮಾಡಿದವು. ನಮ್ಮ ಕೌಂಟರಿಗೆ ಇನ್ನೂ ಸ್ಟೂಲು ಬಂದಿಲ್ಲವಾದ್ದರಿಂದ ಕಾಲುಗಳ ಯೋಗಕ್ಷೇಮವನ್ನು ಸದ್ಯಕ್ಕೆ ಶೂಗಳೇ ನೋಡಿಕೊಳ್ಳಬೇಕಾಗಿದೆ.

ಮಂಡಿಪೇಟೆಯ ಒಳಬೀದಿಯ ಸಣ್ಣ ಅಂಗಡಿಯೊಂದರಲ್ಲಿ 1,850 ರೂಪಾಯಿಗೆ ಕೊಂಡ, ಲೇಸು ಕಟ್ಟುವ ಕಪ್ಪು ಶೂಗಳನ್ನು ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಪೂರ್ತಿ ಧರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಶೂಗಿಂತ ಮೊದಲು ಅದನ್ನು ಮಾರಿದ ರೀತಿಯನ್ನು ಹೇಳಬೇಕು. ದೊಡ್ಡ ಮಳಿಗೆಗಳಲ್ಲಿ ಒಳಗಿನ ಫೋಮನ್ನು ಹೆಬ್ಬೆರಳಿನಿಂದ ಒತ್ತಿ, ಎಷ್ಟು ಮೆತ್ತಗಿದೆ ನೋಡಿ ಎನ್ನುತ್ತಾರೆ. ಆದರೆ ನಡೆಯುವವರ ಅಗತ್ಯ ಬೇರೆ, ನಿಲ್ಲುವವರ ಅಗತ್ಯ ಬೇರೆ. ತೀರಾ ಮೆತ್ತನೆಯ ಫೋಮು ಗಂಟೆಗಟ್ಟಲೆ ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಅದರ ಮೇಲೆ ಸಮತೋಲ ಕಾಯಲು ಪಾದದ ಸಣ್ಣ ಸ್ನಾಯುಗಳು ಬಿಡುವಿಲ್ಲದೆ ದುಡಿದು, ಸಂಜೆಯ ಹೊತ್ತಿಗೆ ಮೀನಖಂಡದವರೆಗೂ ಸೆಳೆತ ಏರುತ್ತದೆ.

ಈ ಅಂಗಡಿಯ ಮಾಲೀಕರು ಫೋಮು ಒತ್ತಿ ತೋರಿಸಲಿಲ್ಲ. ಹಿಮ್ಮಡಿಯ ಗೋಡೆಯನ್ನು ಎರಡು ಬೆರಳುಗಳಲ್ಲಿ ಹಿಂಡಿ, ಅದು ಒಳಕ್ಕೆ ಕುಸಿಯುವುದಿಲ್ಲ ಎಂಬುದನ್ನು ತೋರಿಸಿದರು. ಮುಂದೆ ಮತ್ತು ಹಿಂದೆ ಹಿಡಿದು ಬಗ್ಗಿಸಿದಾಗ ಶೂ ಬೆರಳುಗಳ ಬುಡದಲ್ಲಿ ಬಾಗಿತೇ ಹೊರತು ನಡುವೆ ಮಡಚಿಕೊಳ್ಳಲಿಲ್ಲ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರೂ ಹೆಚ್ಚು ತಿರುಗಲಿಲ್ಲ. ನಂತರ ನನ್ನನ್ನು ಅಳತೆಪಟ್ಟಿಯ ಮೇಲೆ ನಿಲ್ಲಿಸಿ ಎರಡೂ ಪಾದಗಳನ್ನು ಅಳೆದರು. ಕುಳಿತಾಗಿನ ಪಾದಕ್ಕಿಂತ ಮೈಭಾರ ಹೊತ್ತ ಪಾದ ತುಸು ಉದ್ದವೂ ಅಗಲವೂ ಆಗುತ್ತದೆ, ಮತ್ತು ಎರಡು ಪಾದಗಳು ಒಂದೇ ಅಳತೆಯಲ್ಲಿರುವುದು ಅಪರೂಪ. ನಂಬರನ್ನು ದೊಡ್ಡ ಪಾದಕ್ಕೆ ನೋಡಬೇಕು. ನಾನು ಒಂಬತ್ತು ನಂಬರ್ ಕೇಳಿದಾಗ ಅವರು, “ಉದ್ದಕ್ಕೆ ಎಂಟು ಸಾಕು ಅಣ್ಣ, ನಿಮಗೆ ಸಾಲದೆ ಬಂದಿರೋದು ಅಗಲ” ಎಂದರು.

ಇದು ನನ್ನೊಬ್ಬನ ಪಾದದ ಸಮಸ್ಯೆಯಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ, ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪ್ ಮತ್ತು ಅಮೆರಿಕದವರದ್ದಕ್ಕಿಂತ ಅಗಲವೆಂದು ಗುರುತಿಸಿ, ‘ಭಾ’ ಎಂಬ ಅಳತೆ ಪದ್ಧತಿಯನ್ನು ಪ್ರಸ್ತಾಪಿಸಿತು. ಬ್ರಿಟಿಷ್ ನಂಬರಿನ ಶೂ ಪಕ್ಕದಲ್ಲಿ ಬಿಗಿಯಾದಾಗ ನಾವು ಒಂದು ನಂಬರ್ ಮೇಲಿನದನ್ನು ಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ, ಹಿಮ್ಮಡಿ ಒಳಗೆ ಜಾರಿ, ಶೂ ಕಚ್ಚಿ ಬೊಬ್ಬೆಗಳೇಳುತ್ತವೆ. ನಾನು ಕೊಂಡ ಎಂಟು ನಂಬರಿನ ಅಗಲ ಮಾದರಿಯಲ್ಲಿ ಬೆರಳುಗಳು ಹರಡಿಕೊಳ್ಳುವಷ್ಟು ಜಾಗವಿದೆ, ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲದಷ್ಟು ಬಿಡುವಿದೆ, ಹಿಮ್ಮಡಿ ಮಾತ್ರ ಅಲುಗಾಡುವುದಿಲ್ಲ.

ಇವಿಎ ಎಂಬ ಪ್ಲಾಸ್ಟಿಕ್ ಫೋಮಿನ ಗಟ್ಟಿ ಸೋಲಿನ ಕೆಳಗೆ ರಬ್ಬರ್ ಪದರವಿರುವುದರಿಂದ ಒರೆಸಿದ ಒದ್ದೆ ಟೈಲ್ಸ್ ಮೇಲೆ ಕಾಲು ಜಾರುವುದಿಲ್ಲ. ಮಧ್ಯಾಹ್ನದ ಮೇಲೆ ಪಾದ ಬಾತಾಗ ಲೇಸನ್ನು ಸಡಿಲಿಸಬಹುದು, ಈ ಅನುಕೂಲ ಲೇಸಿಲ್ಲದ ಶೂಗಳಲ್ಲಿ ಸಿಗದು. ಆದರೆ ಶೂ ಭಾರ. ಏಪ್ರಿಲ್‌ನ ಸೆಕೆಯಲ್ಲಿ ಒಳಗೆಲ್ಲ ಬೆವರಿ ವಾಸನೆ ಹಿಡಿಯುತ್ತದೆ, ಮಳೆಯಲ್ಲಿ ನೆನೆದರೆ ಇನ್‌ಸೋಲ್ ತೆಗೆದು ಹಳೆಯ ಪೇಪರ್ ತುರುಕಿಟ್ಟರೂ ಒಂದು ರಾತ್ರಿಗೆ ಒಣಗುವುದಿಲ್ಲ. ಹೀಗಾಗಿ ಒಂದು ದಿನ ಬಿಟ್ಟು ಒಂದು ದಿನ ಹಾಕಲು ಎರಡನೇ ಜೊತೆ ಬೇಕಾಯಿತು. ಆ ಹೊತ್ತಿಗೆ, ಅಂದರೆ 2025ರ ಸೆಪ್ಟೆಂಬರ್ 22ರ ನಂತರ, 2,500 ರೂಪಾಯಿವರೆಗಿನ ಪಾದರಕ್ಷೆಗಳ ಜಿಎಸ್‌ಟಿ ಶೇ 5ಕ್ಕೆ ಇಳಿದಿತ್ತು. ಅದೇ ಶೂ 1,650 ರೂಪಾಯಿಗೆ ಸಿಕ್ಕಿತು, ಕೇಳುವ ಮೊದಲೇ ಇಳಿಸಿದ್ದರೆಂಬುದು ಅವರ ಹೆಚ್ಚುಗಾರಿಕೆ.

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವವರೂ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರೂ ಶೂ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಉಳಿದವರು ದಿನವೂ ಹಾಕುವ ಸಾಕ್ಸನ್ನೇ ತೊಟ್ಟು, ಪಾದ ಬಾತಿರುವ ಸಂಜೆ ಏಳರ ಸುಮಾರಿಗೆ ಹೋಗುವುದು ಒಳ್ಳೆಯದು. ಭಾನುವಾರ ಬೇಡ, ಆ ನೂಕುನುಗ್ಗಲಿನಲ್ಲಿ ಯಾರ ಪಾದವನ್ನೂ ಅಳೆಯುವುದಿಲ್ಲ.

ಅಂಗಡಿಯ ದೊಡ್ಡ ಕೊರತೆಯೆಂದರೆ ಹೆಂಗಸರ ವಿಭಾಗ. ನಮ್ಮಲ್ಲಿ ಸೀರೆಯುಟ್ಟು ದಿನವಿಡೀ ನಿಲ್ಲುವವರೇ ಹೆಚ್ಚಾಗಿದ್ದರೂ ಅವರಿಗೆ ಅಲ್ಲಿರುವುದು ಮೂತಿ ಚೂಪಾದ, ಕಾಗದದಂಥ ಸೋಲಿನ ಚಪ್ಪಲಿಗಳು. ಹಿಮ್ಮಡಿಗೆ ಪಟ್ಟಿಯಿರುವ, ಅಗಲವಾದ ಗಟ್ಟಿ ಸೋಲಿನ ಸ್ಯಾಂಡಲ್‌ಗಳನ್ನು ತರಿಸುವುದಾಗಿ ಮಾಲೀಕರು ಹೇಳಿದ ಮೇಲೆ ನಮ್ಮ ಕೌಂಟರಿನ ಇಬ್ಬರು ಅಕ್ಕಂದಿರು ಪಾದದ ಅಳತೆ ಕೊಟ್ಟು, ಮುಂಗಡ ಮಾತ್ರ ಕೊಡದೆ ಬಂದಿದ್ದಾರೆ.