ಫೋನ್ ಮನೆಯಲ್ಲಿಟ್ಟು ಹೋಗಿ, ಎಲ್ಲ ವಾಚಲ್ಲೇ ಬರ್ತದೆ ಅಂದರೆ ನಂಬಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಯಾರಾದರೂ ಸ್ಮಾರ್ಟ್ ವಾಚ್ ಕೊಳ್ಳಬೇಕು ಅಂತಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಪೇಟೆಗೆ ಹೋಗಿ. ಅದರಲ್ಲೂ ತೋಟದ ಕೆಲಸ, ಮನೆಯವರ ಮಾತ್ರೆ, ಕಂತು ಕಟ್ಟುವ ದಿನ ಇವನ್ನೆಲ್ಲ ನೆನಪು ಮಾಡಲಿ ಅಂತ ಕೊಳ್ಳುವವರು. ನನಗೆ ವಾಚಿನ ಹೆಸರಲ್ಲಿ ಒಂದು ಮೋಸ, ಆಪಿನ ಹೆಸರಲ್ಲಿ ಇನ್ನೊಂದು ಮೋಸ ಆಗಿದೆ. ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ನೋವು ಅಂದರೆ ಅಡಿಕೆ ತೋಟಕ್ಕೆ ಎರಡನೇ ಸಲದ ಮದ್ದು ಹೊತ್ತಿಗೆ ಹೊಡೆಸಲು ಆಗಲಿಲ್ಲ, ಕೊಳೆ ರೋಗ ಬಂತು. ಇದನ್ನು ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ನಮ್ಮ ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಈ ಕಡೆ ಹೆಚ್ಚಿನವರದ್ದು ಹಾಗೇ ಅಲ್ವಾ? ಮಳೆಗಾಲದಲ್ಲಿ ಫೋನ್ ಹಿಡಿದುಕೊಂಡು ಕೆಳಗೆ ಇಳಿಯುವ ಹಾಗಿಲ್ಲ. ಜೇಬು ಒದ್ದೆ, ಕೈ ಕೆಸರು. ಹಿಂದಿನ ಫೋನ್ ಹಾಗೇ ನೀರು ಹೊಕ್ಕು ಕೆಟ್ಟಿತ್ತು. ನೆನಪಿಡಬೇಕಾದದ್ದು ಮಾತ್ರ ಒಂದೆರಡಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬರುವ ದಿನ, ಸೊಸೈಟಿ ಸಾಲದ ಕಂತು, ಆಯಿಯ ಬಿಪಿ ಮಾತ್ರೆ, ಕರೆಂಟ್ ಬಿಲ್ಲು. ಇದನ್ನೆಲ್ಲ ಫೋನಿನಲ್ಲಿ ಬರೆದಿಟ್ಟರೆ ಕೈಯಲ್ಲಿರುವ ವಾಚು ನೆನಪು ಮಾಡ್ತದೆ ಅಂತ ಕೇಳಿದ್ದೆ. ಆರಿದ್ರಾ ಮಳೆಯ ಹೊತ್ತಿಗೆ ಶಿರಸಿ ಪೇಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯ ಹೆಸರು ಬರೆಯುವುದಿಲ್ಲ, ದೂರು ಕೊಟ್ಟಾಗಿದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಫೋನ್ ಮನೇಲಿ ಇರ್ತದೆ, ನಾನು ದೂರ ತೋಟದಲ್ಲಿ ಇರ್ತೇನೆ. ಬರೆದಿಟ್ಟದ್ದು ವಾಚಿನಲ್ಲಿ ಬರ್ತದಾ?" ಇಷ್ಟು ಬಿಡಿಸಿ ಕೇಳಿದ್ದೇನೆ. ಅಲ್ಲಿದ್ದ ಹುಡುಗ ಒಂದು ಕ್ಷಣ ಯೋಚಿಸಲಿಲ್ಲ. "ಬರ್ತದೆ ಸರ್! ಫೋನ್ ಮನೇಲೇ ಇಟ್ಟು ಹೋಗಿ. ಎಲ್ಲ ವಾಚಲ್ಲೇ ಬರ್ತದೆ." ಆಮೇಲೆ ಪರೀಕ್ಷೆ ಮಾಡಿಯೂ ತೋರಿಸಿದ. ನನ್ನ ಫೋನ್ ತಗೊಂಡು ಏನೋ ಬರೆದ, ಎರಡು ನಿಮಿಷ ಬಿಟ್ಟು ನೆನಪು ಮಾಡು ಅಂತ ಇಟ್ಟ. ಎರಡು ನಿಮಿಷಕ್ಕೆ ಸರಿಯಾಗಿ ವಾಚು ನಡುಗಿತು, ಅಕ್ಷರ ಬಂತು. "ನೋಡಿ ಸರ್" ಅಂದ. ವಾಚಿಗೆ 3,499 ರೂಪಾಯಿ.

ಅಷ್ಟಕ್ಕೇ ಬಿಡಲಿಲ್ಲ. "ಫ್ರೀ ಆಪಿನಲ್ಲಿ ಬರೆದದ್ದು ವಾಚಿಗೆ ಬರೋದಿಲ್ಲ ಸರ್, ಇದಕ್ಕೆ ಪ್ರೀಮಿಯಂ ಬೇಕು" ಅಂತ ಅವನೇ ಒಂದು ಆಪ್ ಹಾಕಿದ. ಫೋನ್ ಅವನ ಕೈಯಲ್ಲೇ. ಎಲ್ಲೆಲ್ಲೋ ಒತ್ತಿದ. ಕೊನೆಗೆ ಫೋನ್ ನನ್ನ ಕಡೆ ತಿರುಗಿಸಿ, "ಪಿನ್ ಹಾಕಿ ಸರ್, ಒಂದು ರೂಪಾಯಿ ಅಷ್ಟೇ, ಟೆಸ್ಟಿಂಗಿಗೆ" ಅಂದ. ನನ್ನ ಮುಂದೆ ಬಂದದ್ದು ಪಿನ್ ಹಾಕುವ ಪುಟ ಮಾತ್ರ. ಅದಕ್ಕಿಂತ ಹಿಂದಿನ ಪುಟ ನನಗೆ ತೋರಿಸಲೇ ಇಲ್ಲ. ಈ ಒಂದು ರೂಪಾಯಿಯ ಕತೆ ಮುಂದೆ ಬರುತ್ತದೆ.

ಮನೆಗೆ ಬಂದು ಕನ್ನಡದಲ್ಲಿ ಬರೆದೆ. ವಾಚಿನಲ್ಲಿ ಬಂದದ್ದು ಬರೀ ಚೌಕ. ಒಂದಾದ ಮೇಲೊಂದು ಖಾಲಿ ಚೌಕ, ಮಧ್ಯೆ ಒಂದು ಅಂಕಿ. ಮರುದಿನ ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಕೇಳಿದರೆ, "ಕನ್ನಡ ಸಪೋರ್ಟ್ ಇಲ್ಲ ಸರ್, ಇಂಗ್ಲಿಷಲ್ಲಿ ಬರೀರಿ" ಅಂತ ಆರಾಮಾಗಿ ಹೇಳಿದ. ಕೊಡುವಾಗ ಹೇಳಬೇಕಿತ್ತಲ್ಲ ಅಂದೆ. "ನೀವು ಕೇಳಲಿಲ್ಲ ಸರ್." ಶಿರಸಿಯಲ್ಲಿ ಕೂತು ಕನ್ನಡದವರಿಗೆ ಮಾರುವಾಗ ಕನ್ನಡ ಓದಲಿಕ್ಕೆ ಬರ್ತದಾ ಅಂತ ನಾನು ಕೇಳಬೇಕಿತ್ತಂತೆ! ಈ ಕಡಿಮೆ ಬೆಲೆಯ ವಾಚುಗಳಲ್ಲಿ ಎಷ್ಟೋ ಕಡೆ ಕನ್ನಡದ ಫಾಂಟೇ ಇರುವುದಿಲ್ಲ, ಅದಕ್ಕೇ ಚೌಕ ಬರೋದು. ಹೋಗಲಿ ಅಂತ ಅದನ್ನೂ ನುಂಗಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಲು ಶುರು ಮಾಡಿದೆ. ಮನೆಯೊಳಗೆ ಇದ್ದಾಗ ಬರ್ತಿತ್ತು. ಆಯಿಯ ಮಾತ್ರೆಯದ್ದು ಬಂತು, ಬಿಲ್ಲಿನದ್ದು ಬಂತು. ಹಾಗಾಗಿ ನಂಬಿಕೆ ಕೂತಿತು.

ಪುನರ್ವಸು ಮಳೆಯಲ್ಲಿ ಎರಡನೇ ಮದ್ದು ಹೊಡೆಸುವುದಿತ್ತು. ಅಡಿಕೆ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಮೊದಲ ಸಲ ಹೊಡೆದು 40-45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಾಡಿಟ್ಟು ನಾಳೆ ಹೊಡೀತೇನೆ ಅಂದರೆ ಆಗುವುದಿಲ್ಲ, ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. ಮರ ಹತ್ತುವವರು ಸಿಗುವುದೇ ಕಷ್ಟ. ಕೊನೆಗೌಡ ಗುರುವಾರ ಬರ್ತೇನೆ ಅಂತ ಎಷ್ಟೋ ದಿನ ಮೊದಲೇ ಹೇಳಿದ್ದ. ಬುಧವಾರ ಬೆಳಿಗ್ಗೆ ಹತ್ತಕ್ಕೆ ನೆನಪು ಮಾಡು, ಮೈಲುತುತ್ತ ಸುಣ್ಣ ತರಬೇಕು ಅಂತ ಆಪಿನಲ್ಲಿ ಅವತ್ತೇ ಬರೆದಿಟ್ಟಿದ್ದೆ. ಬುಧವಾರ ಪೂರ್ತಿ ತೋಟದ ಕಾದಿಗೆ, ಅಂದರೆ ನೀರು ಹೋಗುವ ಕಾಲುವೆ, ಬಿಡಿಸುವ ಕೆಲಸ. ವಾಚು ಕೈಯಲ್ಲೇ ಇತ್ತು. ನಡುಗಲಿಲ್ಲ, ಸದ್ದು ಮಾಡಲಿಲ್ಲ. ಏನೂ ಇಲ್ಲ.

ಗುರುವಾರ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಕೊನೆಗೌಡ ಬಂದು ಅಂಗಳದಲ್ಲಿ ನಿಂತು, "ಮದ್ದು ಕಲಸಿದ್ರಾ ಹೆಗಡೇರೇ?" ಅಂತ ಕೇಳಿದ. ಮನೆಯಲ್ಲಿ ಮೈಲುತುತ್ತವೇ ಇಲ್ಲ. ನಾನು ಬೈಕ್ ತೆಗೆದು ಪೇಟೆಗೆ ಹೋಗಿ ಬರುವವರೆಗೆ ಅವನು ಕಾಯುವ ಹಾಗಿರಲಿಲ್ಲ, ಪಕ್ಕದ ಊರಿನವರು ಕರೆಯುತ್ತಲೇ ಇದ್ದರು. "ಇನ್ನು ಹೊಳವು ನೋಡಿ ಬರ್ತೇನೆ" ಅಂತ ಹೋದ. ಮತ್ತೆ ಹೊಳವಾದದ್ದು ಪುಷ್ಯ ಮಳೆ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ತೋಟದ ಕೆಳಭಾಗದಲ್ಲಿ ಹಸಿ ಅಡಿಕೆ ಉದುರಲು ಶುರುವಾಗಿತ್ತು. ಬಿಡದೆ ಮಳೆ ಬಂದರೆ ಕೊಳೆ ಹೇಗೆ ಹಬ್ಬುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಆ ವಾರ ಹುಬ್ಬಳ್ಳಿಯಲ್ಲಿ ಓದುವ ತಂಗಿಯ ಮಗ ಬಂದಿದ್ದ. ವಾಚು, ಫೋನು ಎರಡನ್ನೂ ಅವನ ಕೈಗೆ ಕೊಟ್ಟೆ. ಆಪ್ ತೆರೆದ ಕೂಡಲೇ ಹಿಂದೆ ಬರಬೇಕಿದ್ದ ನೆನಪಿನ ಮೆಸೇಜುಗಳು ಒಟ್ಟಿಗೆ ಟಿಣ್ ಟಿಣ್ ಅಂತ ಬಂದವು. ಮೈಲುತುತ್ತದ್ದೂ ಸೇರಿ. ಅದನ್ನು ನೋಡಿದಾಗ ಮೈ ಉರಿಯಿತು.

ಅವನು ಹೇಳಿದ್ದು ಇದು. "ಮಾವ, ಈ ವಾಚಿನೊಳಗೆ ನೀವು ಬರೆದದ್ದು ಏನೂ ಇಲ್ಲ. ಫೋನಿಗೆ ಬಂದ ನೋಟಿಫಿಕೇಷನ್ ಬ್ಲೂಟೂತಲ್ಲಿ ಇಲ್ಲಿಗೆ ಬರ್ತದೆ, ಅಷ್ಟೇ. ಫೋನ್ ಹತ್ತು ಮೀಟರಿನ ಆಚೆ ಹೋದರೆ ಮುಗೀತು." ಹತ್ತು ಮೀಟರ್! ನಮ್ಮ ಮನೆಯ ಅಂಗಳ ದಾಟಿದರೆ ಹತ್ತು ಮೀಟರ್ ಆಯಿತು. ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ತೋಟ ಎಲ್ಲಿಯ ಮಾತು?

ಆಗ ನೆನಪಾದದ್ದು ಅಂಗಡಿಯ ಪರೀಕ್ಷೆ. ಫೋನ್ ಮತ್ತು ವಾಚು ಒಂದೇ ಮೇಜಿನ ಮೇಲೆ, ಒಂದು ಗೇಣು ದೂರದಲ್ಲಿ ಇದ್ದವು. ನಾನು ಕೇಳಿದ್ದು ದೂರದ ಪ್ರಶ್ನೆ, ಅವನು ತೋರಿಸಿದ್ದು ಹತ್ತಿರದ ಆಟ. ಅವನಿಗೆ ಗೊತ್ತಿತ್ತು. ದಿನಾ ಅದನ್ನೇ ಮಾರುವವನಿಗೆ ಗೊತ್ತಿರದೆ ಇರ್ತದಾ? ಗೊತ್ತಿದ್ದೇ ನನ್ನ ಕಣ್ಣೆದುರು ಹಾಗೆ ತೋರಿಸಿದ. ತಂಗಿಯ ಮಗನ ಎದುರು ನನಗೆ ಮಾತೇ ಹೊರಡಲಿಲ್ಲ. ಮನೆಯವರ ಎದುರೆಲ್ಲ ಈ ವಾಚನ್ನು ಹೊಗಳಿದ್ದೆ. ಎಷ್ಟು ನಾಚಿಕೆಯಾಯಿತು ಅಂದರೆ ಅವತ್ತು ಊಟಕ್ಕೆ ಕೂತಾಗ ಅದನ್ನು ಬಿಚ್ಚಿ ಒಳಗಿಟ್ಟೆ.

ಮತ್ತೆ ಫೋನಾದರೂ ಯಾಕೆ ಸದ್ದು ಮಾಡಲಿಲ್ಲ? ಅದನ್ನೂ ಅವನೇ ಹುಡುಕಿದ. 2015ರ ಆಂಡ್ರಾಯ್ಡ್ 6ರಿಂದಲೇ ಬ್ಯಾಟರಿ ಉಳಿಸಲು ಸುಮ್ನೆ ಇಟ್ಟ ಫೋನು ಆಪುಗಳನ್ನು ಮಲಗಿಸುತ್ತದೆ. ಕೆಲವು ಕಂಪನಿಗಳ ಫೋನು ಇನ್ನೂ ಜಾಸ್ತಿ ಮಲಗಿಸುತ್ತವೆ. ಹೇಳಿದ ಹೊತ್ತಿಗೆ ಸರಿಯಾಗಿ ಎಬ್ಬಿಸಲು ಆಪಿಗೆ ಬೇರೆಯೇ ಒಂದು ಅನುಮತಿ ಬೇಕು. ಆಂಡ್ರಾಯ್ಡ್ 14 ಬಂದ ಮೇಲೆ ಹೊಸದಾಗಿ ಹಾಕುವ ಹೆಚ್ಚಿನ ಆಪುಗಳಿಗೆ ಅದು ತಾನಾಗಿ ಸಿಗುವುದಿಲ್ಲ, ನಾವೇ ಸೆಟ್ಟಿಂಗ್ಸ್‌ನಲ್ಲಿ ಹೋಗಿ ಕೊಡಬೇಕು. ನನ್ನ ಫೋನಿನಲ್ಲಿ ಕೊಟ್ಟಿರಲಿಲ್ಲ. ನೆನಪು ಮಾಡುವುದೇ ಕೆಲಸವಾದ ಆಪು, ದುಡ್ಡು ತಗೊಂಡ ಆಪು, ಈ ಅನುಮತಿ ಕೊಡಿ ಅಂತ ಒಮ್ಮೆಯೂ ಕೇಳಿರಲಿಲ್ಲ!

ದುಡ್ಡು ಅಂದೆನಲ್ಲ. ಅದೇ ಒಂದು ರೂಪಾಯಿ. ಅದು ಟೆಸ್ಟಿಂಗ್ ಅಲ್ಲವೇ ಅಲ್ಲ. ಯುಪಿಐ ಆಟೋಪೇಗೆ ಒಪ್ಪಿಗೆ. ಏಳು ದಿನ ಫ್ರೀ, ಆಮೇಲೆ ವರ್ಷಕ್ಕೆ 1,499 ರೂಪಾಯಿ ತಾನಾಗಿ ಹೋಗುವ ಹಾಗೆ. ಹೋಗಿಯೂ ಆಗಿತ್ತು. ಒಮ್ಮೆ ಪಿನ್ ಹಾಕಿ ಒಪ್ಪಿದರೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 24 ಗಂಟೆ ಮೊದಲು ತಿಳಿಸಬೇಕು. ತಿಳಿಸಿದ್ದರು, ಇಂಗ್ಲಿಷಿನಲ್ಲಿ ಒಂದು ಮೆಸೇಜು. ಆಗ ನಮ್ಮಲ್ಲಿ ಕರೆಂಟ್ ಇಲ್ಲ, ಟವರ್ ಇಲ್ಲ. ನೆಟ್‌ವರ್ಕ್ ಬಂದ ಮೇಲೆ ಇಪ್ಪತ್ತು ಜಾಹೀರಾತಿನ ಮಧ್ಯೆ ಅದೂ ಬಂದು ಬಿದ್ದಿತ್ತು. ಇನ್ನೊಂದು ಕೇಳಿ. ಪ್ರೀಮಿಯಂ ಇಲ್ಲದಿದ್ದರೆ ವಾಚಿಗೆ ಬರೋದಿಲ್ಲ ಅಂದಿದ್ದೂ ಸುಳ್ಳು. ಯಾವ ಫ್ರೀ ಆಪಿನ ನೋಟಿಫಿಕೇಷನ್ ಆದರೂ ಆ ವಾಚಿಗೆ ಹಾಗೇ ಬರ್ತದೆ. ತಂಗಿಯ ಮಗ ಐದು ನಿಮಿಷದಲ್ಲಿ ಮಾಡಿ ತೋರಿಸಿದ.

ಅಂಗಡಿಗೆ ಹೋದೆ. ಈ ಸಲ ಮಾಲೀಕರೇ ಇದ್ದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ವಾಚ್ ಕೆಟ್ಟಿಲ್ವಲ್ಲ ಸರ್. ಟೈಮ್ ತೋರಿಸ್ತದೆ, ಹೆಜ್ಜೆ ಎಣಿಸ್ತದೆ. ರಿಟರ್ನ್ ಹೇಗೆ ತಗೊಳ್ಳೋದು?"

ನಿಮ್ಮ ಹುಡುಗ ಸುಳ್ಳು ಹೇಳಿ ಮಾರಿದ್ದಾನೆ ಅಂದೆ. "ಆ ಹುಡುಗ ಈಗ ಇಲ್ಲ ಸರ್, ಕೆಲಸ ಬಿಟ್ಟ."

ಆಪಿನ ದುಡ್ಡು? "ಅದು ನಮಗೆ ಸಂಬಂಧ ಇಲ್ಲ. ಪಿನ್ ಹಾಕಿದ್ದು ನೀವಲ್ವಾ?"

ಕೊನೆಗೆ ನಗುತ್ತಾ, "ಫೋನ್ ಜೇಬಲ್ಲೇ ಇಟ್ಕೊಂಡು ಹೋಗಿ ಸರ್, ಒಂದು ಪ್ಲಾಸ್ಟಿಕ್ ಕವರ್ ಕೊಡ್ತೇನೆ." ಪ್ಲಾಸ್ಟಿಕ್ ಕವರ್! ಜೇಬಲ್ಲಿ ಫೋನ್ ಇಟ್ಟುಕೊಂಡೇ ಹೋಗುವುದಾದರೆ ನಾನು ಮೂರೂವರೆ ಸಾವಿರ ಕೊಟ್ಟು ವಾಚು ಯಾಕೆ ತಗೊಳ್ಳಲಿ? ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರ ಎದುರೇ ಈ ಮಾತು. ಆ ನಗು ನಾನು ಮರೆಯುವುದಿಲ್ಲ.

ಆಪಿನವರಿಗೂ ಬರೆದೆ. ಬಂದ ಉತ್ತರದಲ್ಲಿ ಮೊದಲು ನನ್ನ ಭಾವನೆ ಅವರಿಗೆ ಅರ್ಥವಾಗುತ್ತದಂತೆ. ಆಮೇಲೆ ಶರತ್ತಿನ ಪ್ರಕಾರ ಹಣ ವಾಪಸ್ ಇಲ್ಲವಂತೆ. ಮತ್ತೆ ಬರೆದರೆ ಅದೇ ಉತ್ತರ, ಅಕ್ಷರ ಅಕ್ಷರ ಅದೇ. ಮುಂದಿನ ವರ್ಷಕ್ಕೆ 20 ಶೇಕಡಾ ರಿಯಾಯಿತಿ ಕೊಡ್ತೇವೆ ಅಂತ ಒಂದು ಸಾಲು ಸೇರಿಸಿದ್ದರು. ನಾನು ಬರೆದಿಟ್ಟ ಲೆಕ್ಕ, ದಿನಾಂಕ ಎಲ್ಲ ಹೊರಗೆ ತೆಗೆದುಕೊಳ್ಳೋಣ ಅಂದರೆ ಅದೂ ಆಗಲಿಲ್ಲ. ಒಂದೊಂದೇ ನೋಡಿ ಕೈಯಿಂದ ನಕಲು ಮಾಡಿದೆವು.

ಈಗ ನಿಮಗೆ ಹೇಳುವುದು. ವಾಚು ಕೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಫೋನಿನ ಬ್ಲೂಟೂತ್ ಆಫ್ ಮಾಡಿ, ಆಮೇಲೆ ನೆನಪು ಮಾಡ್ತದಾ ನೋಡಿ. ಅವರು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ ಓದಲಿಕ್ಕೆ ಬರ್ತದಾ ನೋಡಿ. ಆಪುಗಳನ್ನು ತನ್ನೊಳಗೇ ನಡೆಸುವ ವಾಚುಗಳೂ ಇವೆ, ಗೂಗಲ್‌ನ ವೇರ್ ಓಎಸ್ ಇರುವಂಥದ್ದು, ಆಪಲ್‌ನದ್ದು. ಆದರೆ ಅವುಗಳ ಬೆಲೆ ಬೇರೆಯೇ. ಕಡಿಮೆ ಬೆಲೆಯ ವಾಚಿನಲ್ಲಿ ಅದರದ್ದೇ ಅಲಾರಂ ಇದ್ದರೆ ಅದು ಫೋನಿಲ್ಲದೆಯೂ ನಡುಗುತ್ತದೆ. ಈಗ ನಾನು ಅದನ್ನೊಂದೇ ಬಳಸುತ್ತಿದ್ದೇನೆ. ಬರೆದಿಡುವುದಕ್ಕೆ ಗೂಗಲ್ ಕೀಪ್ ಇದೆ, ದುಡ್ಡು ಕೇಳುವುದಿಲ್ಲ, ನೆಟ್ ಇಲ್ಲದಾಗಲೂ ಬರೆಯಬಹುದು. ಅಳಿಸಿದ್ದು ಏಳು ದಿನ ಮಾತ್ರ ಕಸದಬುಟ್ಟಿಯಲ್ಲಿ ಉಳಿಯುತ್ತದೆ, ಅದೊಂದು ಗಮನದಲ್ಲಿರಲಿ.

ಅಂಗಡಿಯವರ ಕೈಗೆ ಫೋನ್ ಕೊಟ್ಟು ಆಪ್ ಹಾಕಿಸಬೇಡಿ. ಆಪ್ ಡಿಲೀಟ್ ಮಾಡಿದರೆ ದುಡ್ಡು ಹೋಗುವುದು ನಿಲ್ಲುವುದಿಲ್ಲ. ಯುಪಿಐ ಆಪಿನಲ್ಲಿ ಆಟೋಪೇ ಅಂತ ಇರುವ ಜಾಗಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಇವತ್ತೇ ತೆರೆದು ನೋಡಿ. ನಮ್ಮ ಪಕ್ಕದ ಮನೆಯವರದ್ದು ನೋಡಿದಾಗ ಅವರಿಗೆ ಗೊತ್ತೇ ಇಲ್ಲದ ಒಂದು ಇತ್ತು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹೀಗೆ ಚಂದಾದ ಬಲೆಗೆ ಬೀಳಿಸುವುದನ್ನು 2023ರ ಕೇಂದ್ರದ ಮಾರ್ಗಸೂಚಿಯೇ ತಪ್ಪು ಅಂತ ಹೇಳಿದೆ. ಸುಳ್ಳು ಹೇಳಿ ಮಾಲು ಮಾರುವುದು 2019ರ ಗ್ರಾಹಕ ಕಾಯಿದೆಯಲ್ಲಿ ಅನುಚಿತ ವ್ಯಾಪಾರ. ಸಹಾಯವಾಣಿಯಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ಆನ್‌ಲೈನಲ್ಲೇ ಹಾಕಬಹುದು. ಘಟ್ಟ ಇಳಿದು ಹೋಗಬೇಕಾಗಿ ಬಂದರೆ ಹೋಗುತ್ತೇನೆ. ಬಿಲ್ಲು, ಮೆಸೇಜು, ಅವರ ಉತ್ತರ ಎಲ್ಲ ತೆಗೆದಿಟ್ಟಿದ್ದೇನೆ. ಶಿರಸಿ ಪೇಟೆಯಲ್ಲಿ ಬೇರೆ ಯಾರಿಗಾದರೂ ಇದೇ ಥರ ಒಂದು ರೂಪಾಯಿ ಅಂತ ಪಿನ್ ಹಾಕಿಸಿಕೊಂಡಿದ್ದರೆ ನಿಮ್ಮ ಬಿಲ್ಲನ್ನು ಎಸೆಯಬೇಡಿ, ನೀವೂ ದೂರು ಕೊಡಿ.